ನಾಣ್ಯದ ಮೇಲಿರುವುದು ಯಾವ ಸೀಸರ್?

ಪ್ರಶ್ನೆ: ದಕ್ಷಿಣ ಭಾರತದಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯವೊಂದನ್ನು ವಸ್ತುಸಂಗ್ರಹಾಲಯದಲ್ಲಿ ಮಗಳೊಂದಿಗೆ ನೋಡಿದೆ. ಕೆಳಗಿನ ಫಲಕದಲ್ಲಿ ‘ಅಗಸ್ಟಸ್, ಹಿಂಬದಿಯಲ್ಲಿ ಗಾಯಸ್ ಮತ್ತು ಲೂಸಿಯಸ್ ಸೀಸರ್’ ಎಂದಿತ್ತು. ಗಾಯಸ್ ಸೀಸರ್ ಎಂದರೆ ನಮ್ಮ ಜೂಲಿಯಸ್ ಸೀಸರನೇ ಎಂದು ನಾನು ಹೇಳಿದೆ. ಮಗಳು ಮೊಬೈಲ್‌ನಲ್ಲಿ ಹುಡುಕಿ, ಗಾಯಸ್ ಜೂಲಿಯಸ್ ಸೀಸರ್ ಎಂಬುದು ಕಲಿಗುಲನ ಹೆಸರೂ ಹೌದು, ಅಗಸ್ಟಸನ ಹೆಸರೂ ಹೌದು ಎಂದು ವಾದಿಸಿದಳು. ಹಾಗಾದರೆ ನಾಣ್ಯದ ಮೇಲಿರುವವನು ಯಾರು? ಒಂದೇ ಹೆಸರು ಇಷ್ಟು ಜನರಿಗೆ ಹೇಗೆ ಬಂತು? ಸಿಸೇರಿಯನ್ ಹೆರಿಗೆಗೂ ಇವರಿಗೂ ಸಂಬಂಧವಿದೆಯೇ?

ಉತ್ತರ: ನಾಣ್ಯದ ಮೇಲಿರುವ ಗಾಯಸ್ ನೀವು ಹೇಳಿದವನೂ ಅಲ್ಲ, ನಿಮ್ಮ ಮಗಳು ಹೇಳಿದ ಇಬ್ಬರೂ ಅಲ್ಲ. ಅದೇ ಹೆಸರಿನ ಇನ್ನೊಬ್ಬ. ಆದರೂ ಅಂಕ ಕೊಡಲೇಬೇಕೆಂದರೆ ಮಗಳಿಗೇ ಕೊಡುತ್ತೇನೆ. ‘ಗಾಯಸ್ ಸೀಸರ್’ ಎಂದು ಕಂಡಾಗ ‘ಯಾವ ಗಾಯಸ್?’ ಎಂದು ಮೊದಲು ಕೇಳಬೇಕೆಂಬುದು ಅವಳಿಗೆ ಹೊಳೆದಿದೆ. ರೋಮಿನ ಇತಿಹಾಸವನ್ನೇ ಕಸುಬು ಮಾಡಿಕೊಂಡವರೂ ಇಲ್ಲಿ ಎಡವುವುದುಂಟು.

ನಾಣ್ಯದಿಂದಲೇ ಶುರು ಮಾಡುತ್ತೇನೆ. ಅದು ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ. ತೂಕ 4 ಗ್ರಾಂಗೆ ತುಸು ಕಡಿಮೆ. ಇಂದಿನ ಫ್ರಾನ್ಸಿನ ಲಿಯೋನ್ ನಗರಕ್ಕೆ ಆಗ ಲುಗ್ದುನುಮ್ ಎಂದು ಹೆಸರು. ಅಲ್ಲಿನ ಟಂಕಸಾಲೆಯಲ್ಲಿ ಕ್ರಿ.ಪೂ. 2ರಿಂದ ಮುಂದಿನ ಕೆಲವು ವರ್ಷ ಈ ನಾಣ್ಯವನ್ನು ರಾಶಿಗಟ್ಟಲೆ ಅಚ್ಚು ಹಾಕಿದರು. ಮುಂಬದಿಯಲ್ಲಿ ಎಲೆಗಳ ಕಿರೀಟ ಧರಿಸಿದ, ರೋಮಿನ ಮೊದಲ ಚಕ್ರವರ್ತಿ ಅಗಸ್ಟಸನ ತಲೆ. ಹಿಂಬದಿಯಲ್ಲಿ ಟೋಗಾ ಹೊದ್ದ ಇಬ್ಬರು ತರುಣರು ನಮ್ಮ ಕಡೆಗೆ ಮುಖ ಮಾಡಿ ನಿಂತಿದ್ದಾರೆ. ಅವರ ನಡುವೆ ಎರಡು ಗುರಾಣಿ, ಎರಡು ಈಟಿ. ಮೇಲ್ಗಡೆ ಒಂದು ಸೌಟು, ಒಂದು ತುದಿ ಬಾಗಿದ ಕೋಲು. ಸೌಟು ಪುರೋಹಿತರ ಮಂಡಳಿಯ ಗುರುತು, ಕೋಲು ಶಕುನ ನೋಡುವವರ ಮಂಡಳಿಯ ಗುರುತು. ಗಾಯಸ್ ಮೊದಲನೆಯ ಮಂಡಳಿಯಲ್ಲಿದ್ದ, ಲೂಸಿಯಸ್ ಎರಡನೆಯದರಲ್ಲಿದ್ದ. ರಕ್ತಸಂಬಂಧದಲ್ಲಿ ಇಬ್ಬರೂ ಅಗಸ್ಟಸನ ಮಗಳ ಮಕ್ಕಳು. ಕಾನೂನಿನ ಲೆಕ್ಕದಲ್ಲಿ ಅವನ ಗಂಡುಮಕ್ಕಳೇ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಭಾರತದ ನೆಲದಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಈ ಅಚ್ಚಿನವೂ, ಇದರ ನಂತರ ಬಂದ, ಅಗಸ್ಟಸನ ಉತ್ತರಾಧಿಕಾರಿ ಟೈಬೀರಿಯಸನ ಅಚ್ಚಿನವೂ ತುಂಬಾ ಹೆಚ್ಚು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸರ ಡಿನೇರಿಯಸ್‌ಗಳು ಸಿಕ್ಕಿವೆ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ನಾಣ್ಯದ ಬೆಳ್ಳಿಯನ್ನು ಕಡಿಮೆ ಮಾಡಿದ. ಅದಕ್ಕೂ ಹಿಂದಿನ ಚೊಕ್ಕ ಬೆಳ್ಳಿಯ ಹಳೆಯ ನಾಣ್ಯಗಳೇ ನಮ್ಮ ವರ್ತಕರಿಗೆ ಬೇಕಿದ್ದವು. ಹಾಗಾಗಿ, ಅಲ್ಪಾಯುಷಿಗಳಾಗಿ ತೀರಿಕೊಂಡ ಇಬ್ಬರು ರೋಮನ್ ಹುಡುಗರ ಚಿತ್ರ ಅವರು ಸತ್ತ ಎಷ್ಟೋ ವರ್ಷಗಳ ನಂತರವೂ ದಕ್ಷಿಣ ಭಾರತದಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಇಲ್ಲಿಯವರು ಈ ಅಚ್ಚನ್ನು ನಕಲು ಮಾಡಿದ್ದೂ ಉಂಟು.

ಇನ್ನು ಹೆಸರಿನ ವಿಚಾರ. ರೋಮನ್ ಗಂಡಸಿಗೆ ಸಾಮಾನ್ಯವಾಗಿ ಮೂರು ಹೆಸರು. ಮೊದಲನೆಯದು ಅವನ ಸ್ವಂತದ್ದು, ಎರಡನೆಯದು ಕುಲದ್ದು, ಮೂರನೆಯದು ಕುಲದೊಳಗಿನ ಒಂದು ಕವಲಿನದು. ಈ ಮೂರನೆಯದಕ್ಕೆ ಉತ್ತರ ಕರ್ನಾಟಕದ ‘ಅಡ್ಡಹೆಸರು’ ಎಂಬ ಮಾತಿಗಿಂತ ಹೊಂದುವ ಪದ ನನಗೆ ಇನ್ನೂ ಸಿಕ್ಕಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರಿನ ಮನೆತನಗಳು ನಮ್ಮಲ್ಲಿರುವಂತೆ ರೋಮಿನಲ್ಲೂ ಇದ್ದವು. ಮಹಾವಾಗ್ಮಿ ಸಿಸೆರೊನ ಅಡ್ಡಹೆಸರಿಗೆ ಮೂಲ ಕಡಲೆಕಾಳು. ಯಾರೋ ಮುತ್ತಾತನ ಮೂಗಿನ ಮೇಲಿನ ಗಂಟೋ, ಹೊಲದಲ್ಲಿ ಬೆಳೆದ ಬೆಳೆಯೋ ಹತ್ತು ತಲೆಮಾರಿಗೆ ಅಂಟಿಕೊಳ್ಳುತ್ತಿತ್ತು. ಗಾಯಸ್ ಜೂಲಿಯಸ್ ಸೀಸರ್ ಎಂದರೆ ಜೂಲಿಯಸ್ ಕುಲದ, ಸೀಸರ್ ಎಂಬ ಅಡ್ಡಹೆಸರಿನ ಮನೆಯ, ಗಾಯಸ್.

ತೊಡಕಿರುವುದು ಮೊದಲ ಹೆಸರಿನಲ್ಲಿ. ಗಣರಾಜ್ಯದ ಕೊನೆಯ ಕಾಲಕ್ಕೆ ಇಡೀ ರೋಮಿನಲ್ಲಿ ಸಾಮಾನ್ಯ ಬಳಕೆಯಲ್ಲಿದ್ದ ಗಂಡು ಹೆಸರುಗಳು ಇಪ್ಪತ್ತಕ್ಕೂ ಕಡಿಮೆ. ಅವುಗಳಲ್ಲೂ ಪ್ರತಿ ಮನೆತನ ಎರಡು ಮೂರನ್ನೇ ಹಿಡಿದುಕೊಂಡಿರುತ್ತಿತ್ತು. ಸೀಸರ್ ಮನೆಯವರದು ಗಾಯಸ್, ಲೂಸಿಯಸ್, ಸೆಕ್ಸ್‌ಟಸ್, ಅಷ್ಟೇ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮಗೂ ಗೊತ್ತು. ಅಲ್ಲಿ ತಾತ, ಅಪ್ಪ, ಮಗ ಮೂವರಿಗೂ ಒಂದೇ ಹೆಸರಿರುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಇಮ್ಮಡಿ, ಮುಮ್ಮಡಿ ಎಂದು ಎಣಿಸುವ ರೂಢಿಯೂ ಅವರಲ್ಲಿ ಇರಲಿಲ್ಲ. ಕಡತದಲ್ಲಿ ಗುರುತು ಹಿಡಿಯಲು ‘ಗಾಯಸನ ಮಗ, ಗಾಯಸನ ಮೊಮ್ಮಗ’ ಎಂದು ಸೇರಿಸುತ್ತಿದ್ದರು. ಕ್ರಿ.ಪೂ. 44ರಲ್ಲಿ ಕೊಲೆಯಾದ ಆ ಪ್ರಸಿದ್ಧ ಸೀಸರನ ಪೂರ್ಣ ಗುರುತು ಇದೇ: ಗಾಯಸ್ ಜೂಲಿಯಸ್ ಸೀಸರ್, ಗಾಯಸನ ಮಗ, ಗಾಯಸನ ಮೊಮ್ಮಗ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಕುಲದ ಹೆಸರೇ ಅವರ ಹೆಸರು. ಅವನ ಸೋದರತ್ತೆ ಜೂಲಿಯಾ, ಇಬ್ಬರು ಅಕ್ಕತಂಗಿಯರೂ ಜೂಲಿಯಾ, ಮಗಳೂ ಜೂಲಿಯಾ.

ಹೆಸರು ಕಲಸಿಹೋಗುವುದು ರೋಮನ್ನರಿಗೂ ಕೆಲವೊಮ್ಮೆ ಜೀವದ ಪ್ರಶ್ನೆಯಾಗುತ್ತಿತ್ತು. ಸೀಸರನ ಶವಸಂಸ್ಕಾರದ ದಿನ ರೊಚ್ಚಿಗೆದ್ದ ಗುಂಪಿನ ಕೈಗೆ ಹೆಲ್ವಿಯಸ್ ಸಿನ್ನ ಎಂಬವನು ಸಿಕ್ಕಿದ. ಹಿಂದಿನ ದಿನ ಸೀಸರನನ್ನು ಬೈದು ಭಾಷಣ ಮಾಡಿದವನು ಕಾರ್ನೀಲಿಯಸ್ ಸಿನ್ನ. ಹೆಲ್ವಿಯಸ್ ಸೀಸರನ ಗೆಳೆಯ. ಗುಂಪಿಗೆ ಅಡ್ಡಹೆಸರೊಂದೇ ಕೇಳಿಸಿತು; ಅವನನ್ನು ಕೊಂದು ತಲೆಯನ್ನು ಈಟಿಗೆ ಚುಚ್ಚಿ ಮೆರವಣಿಗೆ ಮಾಡಿದರು.

ಪ್ರಸಿದ್ಧ ಸೀಸರನಿಗಿಂತ ಹಿಂದೆಯೂ ಗಾಯಸ್ ಜೂಲಿಯಸ್ ಸೀಸರ್‌ಗಳಿದ್ದರು. ಅವನ ತಂದೆ ಪ್ರೀಟರ್ ಎಂಬ ಉನ್ನತ ನ್ಯಾಯಾಧಿಕಾರಿಯ ಹುದ್ದೆಯವರೆಗೆ ಏರಿ, ಏಷ್ಯಾ ಎಂಬ ಪ್ರಾಂತ್ಯವನ್ನು (ಇಂದಿನ ಟರ್ಕಿಯ ಪಶ್ಚಿಮ ಭಾಗ) ಆಳಿ ಬಂದವನು. ಕ್ರಿ.ಪೂ. 85ರಲ್ಲಿ ಪೀಸಾ ನಗರದಲ್ಲಿ ಒಂದು ಬೆಳಿಗ್ಗೆ ಪಾದರಕ್ಷೆ ಕಟ್ಟಿಕೊಳ್ಳುತ್ತಿದ್ದಾಗ ಕುಸಿದು ಸತ್ತ. ಕಾರಣ ಯಾರಿಗೂ ತಿಳಿಯಲಿಲ್ಲ. ಹಠಾತ್ ಸಾವುಗಳ ಪಟ್ಟಿ ಮಾಡಿರುವ ರೋಮನ್ ಲೇಖಕ ಪ್ಲಿನಿ ಇದನ್ನು ಬರೆದು, ರೋಮಿನಲ್ಲಿ ಇನ್ನೊಬ್ಬ ಸೀಸರನೂ ಹೀಗೆಯೇ ಬೆಳಗಿನ ಹೊತ್ತು ಪಾದರಕ್ಷೆ ಹಾಕಿಕೊಳ್ಳುವಾಗ ಸತ್ತ ಎಂದು ಸೇರಿಸುತ್ತಾನೆ. ಈ ಪಾದರಕ್ಷೆಯ ಸಾವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮತ್ತೊಬ್ಬ ಗಾಯಸ್ ಜೂಲಿಯಸ್ ಸೀಸರ್ ನನಗೆ ಅಚ್ಚುಮೆಚ್ಚು. ಅವನಿಗೆ ಸ್ಟ್ರಾಬೊ, ವೊಪಿಸ್ಕಸ್ ಎಂಬ ಇನ್ನೆರಡು ಹೆಸರು ಸೇರಿದ್ದವು. ಸ್ಟ್ರಾಬೊ ಎಂದರೆ ಮೆಳ್ಳೆಗಣ್ಣಿನವನು. ವೊಪಿಸ್ಕಸ್ ಎಂದರೆ ಅವಳಿಗಳಲ್ಲಿ ಒಂದು ಹೊಟ್ಟೆಯಲ್ಲೇ ಹೋಗಿ ಬದುಕುಳಿದ ಇನ್ನೊಂದು. ಪ್ರಸಿದ್ಧ ಸೀಸರನ ದೂರದ ಬಳಗ. ದುರಂತ ನಾಟಕಗಳನ್ನು ಬರೆಯುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ರೋಮಿನ ಅತಿ ದೊಡ್ಡ ಹಾಸ್ಯಗಾರನೆಂದು ಹೆಸರಾಗಿದ್ದ. ಭಾಷಣಕಲೆಯ ಕುರಿತ ತನ್ನ ಗ್ರಂಥದಲ್ಲಿ ಸಿಸೆರೊ ಹಾಸ್ಯದ ಮೇಲಿನ ಇಡೀ ಉಪನ್ಯಾಸವನ್ನು ಇವನ ಬಾಯಲ್ಲಿ ಹೇಳಿಸಿದ್ದಾನೆ. ಕ್ರಿ.ಪೂ. 87ರಲ್ಲಿ ಮೇರಿಯಸ್ ಮತ್ತು ಸಿನ್ನ (ಮೇಲೆ ಹೇಳಿದ ಇಬ್ಬರೂ ಅಲ್ಲ, ಹಿಂದಿನ ಇನ್ನೊಬ್ಬ) ಎಂಬ ನಾಯಕರ ಪಕ್ಷದವರು ರೋಮನ್ನು ವಶಪಡಿಸಿಕೊಂಡಾಗ ಆಶ್ರಯ ಕೊಟ್ಟವನೇ ಇವನನ್ನು ಹಿಡಿದುಕೊಟ್ಟ. ಇವನ ತಲೆಯನ್ನೂ ಇವನ ಅಣ್ಣ ಲೂಸಿಯಸನ ತಲೆಯನ್ನೂ ಸಾರ್ವಜನಿಕ ವೇದಿಕೆಯ ಮೇಲೆ ಇಟ್ಟರು. ಇಲ್ಲಿ ವಿಪರ್ಯಾಸವೊಂದಿದೆ: ಮೇರಿಯಸನ ಹೆಂಡತಿ ಬೇರೆ ಯಾರೂ ಅಲ್ಲ, ಪ್ರಸಿದ್ಧ ಸೀಸರನ ಸೋದರತ್ತೆ ಜೂಲಿಯಾ. ಒಂದು ಕವಲಿನ ಸೀಸರ್‌ಗಳ ಬೀಗರು ಇನ್ನೊಂದು ಕವಲಿನ ಸೀಸರ್‌ಗಳ ತಲೆ ಕಡಿಸಿದರು.

ಇನ್ನು ನೀವು ಹೇಳಿದವನು. ಕ್ರಿ.ಪೂ. 100ರಲ್ಲಿ ಹುಟ್ಟಿ, ಗಾಲ್ ದೇಶವನ್ನು (ಹೆಚ್ಚುಕಡಿಮೆ ಇಂದಿನ ಫ್ರಾನ್ಸ್) ಗೆದ್ದು, ಕ್ರಿ.ಪೂ. 44ರ ಮಾರ್ಚ್ 15ರಂದು ಸೆನೆಟಿನಲ್ಲೇ ಇರಿತಕ್ಕೆ ಬಲಿಯಾದ ಸರ್ವಾಧಿಕಾರಿ. ಅವನ ಕಥೆ ನಿಮಗೆ ಗೊತ್ತೇ ಇದೆ. ನಾನು ಹೇಳಬೇಕಾದದ್ದು ಅವನ ಉಯಿಲಿನ ಬಗ್ಗೆ ಮಾತ್ರ. ಅವನು ತನ್ನ ಆಸ್ತಿಯ ಮುಕ್ಕಾಲು ಭಾಗವನ್ನು ಸೋದರಿಯ ಮೊಮ್ಮಗ ಗಾಯಸ್ ಆಕ್ಟೇವಿಯಸ್ ಎಂಬ ಹದಿನೆಂಟು ವರ್ಷದ ಹುಡುಗನಿಗೆ ಬರೆದಿದ್ದ. ಜೊತೆಗೆ ದತ್ತು ಮಾಡಿಕೊಂಡು ತನ್ನ ಹೆಸರನ್ನೂ ಕೊಟ್ಟಿದ್ದ. ಮುಂದೆ ಅಗಸ್ಟಸ್ ಆದವನು ಇವನೇ. ಆ ಹುಡುಗ ಆಗ ಇಂದಿನ ಅಲ್ಬೇನಿಯಾದ ಅಪೊಲೊನಿಯಾದಲ್ಲಿ ಓದುತ್ತಿದ್ದ. ತಾಯಿ ಅಟಿಯಾ, ಮಲತಂದೆ ಫಿಲಿಪ್ಪಸ್ ಇಬ್ಬರೂ ಈ ಉಯಿಲು ಬೇಡ, ಜೀವಕ್ಕೆ ಅಪಾಯ ಎಂದು ಬುದ್ಧಿ ಹೇಳಿದರು. ಅವನು ಕೇಳಲಿಲ್ಲ.

ದತ್ತು ಹೋದವನು ಹೊಸ ಮನೆಯ ಮೂರೂ ಹೆಸರು ಧರಿಸಿ, ಹಳೆಯ ಕುಲದ ಹೆಸರನ್ನು ಬಾಲದಂತೆ ಕೊನೆಗೆ ಸೇರಿಸಿಕೊಳ್ಳುವುದು ರೂಢಿ. ಆ ಪ್ರಕಾರ ಇವನು ಗಾಯಸ್ ಜೂಲಿಯಸ್ ಸೀಸರ್ ಆಕ್ಟೇವಿಯಾನಸ್ ಆಗಬೇಕಿತ್ತು. ಆ ಬಾಲವನ್ನು ಅವನು ಎಂದೂ ಬಳಸಲಿಲ್ಲ. ಕ್ರಿ.ಪೂ. 44ರ ಏಪ್ರಿಲ್‌ನಲ್ಲಿ ಸಿಸೆರೊ ಗೆಳೆಯನಿಗೆ ಬರೆದ ಪತ್ರವೊಂದಿದೆ: ಹುಡುಗನ ಕಡೆಯವರು ಅವನನ್ನು ಸೀಸರ್ ಎಂದು ಕರೆಯುತ್ತಾರೆ, ಮಲತಂದೆ ಹಾಗೆ ಕರೆಯುವುದಿಲ್ಲ, ಆದ್ದರಿಂದ ನಾನೂ ಕರೆಯುವುದಿಲ್ಲ. ಒಂದು ಹೆಸರಿನಲ್ಲಿ ಎಷ್ಟು ರಾಜಕೀಯ ಅಡಗಿತ್ತು ನೋಡಿ. ಇಂದಿನ ಪುಸ್ತಕಗಳಲ್ಲಿ ‘ಆಕ್ಟೇವಿಯನ್’ ಎಂದು ಬರೆಯುವುದು ಓದುಗರಿಗೆ ಗೊಂದಲವಾಗದಿರಲಿ ಎಂದು ನಾವು ಮಾಡಿಕೊಂಡ ಏರ್ಪಾಡು. ಎದುರಿಗೆ ಹಾಗೆ ಕರೆದಿದ್ದರೆ ಅವನಿಗೆ ಇಷ್ಟವಾಗುತ್ತಿರಲಿಲ್ಲ.

ಆ ಹೆಸರನ್ನು ಹೊತ್ತು ಅವನು ದಕ್ಷಿಣ ಇಟಲಿಗೆ ಹೋದ. ಸೀಸರನ ಹಳೆಯ ಸೈನಿಕರು ನೆಲೆಸಿದ್ದ ಊರುಗಳಲ್ಲಿ ತಲೆಗೆ 500 ಡಿನೇರಿಯಸ್ ಹಂಚಿದ. ದುಡ್ಡನ್ನು ಬೇರೆಯವರೂ ಹಂಚಬಹುದಿತ್ತು. ‘ಗಾಯಸ್ ಜೂಲಿಯಸ್ ಸೀಸರ್ ಬಂದಿದ್ದಾನೆ’ ಎನ್ನಿಸಿಕೊಳ್ಳುವುದು ಬೇರೆಯವರಿಂದ ಆಗುತ್ತಿರಲಿಲ್ಲ. ಸೀಸರನ ಸೇನಾನಾಯಕನಾಗಿದ್ದು ಈಗ ಈ ಹುಡುಗನ ಎದುರಾಳಿಯಾಗಿದ್ದ ಮಾರ್ಕ್ ಆಂಟನಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಕ್ರಿ.ಪೂ. 43ರಲ್ಲಿ ಅವನು ಬರೆದ ಪತ್ರದ ಒಂದು ಸಾಲನ್ನು ಸಿಸೆರೊ ಸೆನೆಟಿನಲ್ಲಿ ಓದಿ ಹೇಳಿದ್ದರಿಂದ ಅದು ಉಳಿದಿದೆ: ‘ಎಲೈ ಹುಡುಗ, ನಿನ್ನದೆಲ್ಲವೂ ಆ ಹೆಸರಿನ ಋಣ.’ ಬೈಗುಳವೇ, ಆದರೆ ಅಕ್ಷರ ಅಕ್ಷರವೂ ನಿಜ. ನಿಮ್ಮ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬೇಕೆಂದಿದ್ದರೆ ನಾನು ಇದನ್ನೇ ಬರೆದು ಮುಗಿಸುತ್ತಿದ್ದೆ. ಈ ಹೆಸರು ಹೊಲ ಮನೆಯಂತೆ ಒಂದು ಆಸ್ತಿ. ಹುಟ್ಟಿನಿಂದ ಬರಬಹುದು, ಉಯಿಲಿನಿಂದ ಬರಬಹುದು. ಕ್ರಯಕ್ಕೂ ಬರಬಹುದೆಂಬುದನ್ನು ಈಗ ನೋಡುತ್ತೀರಿ.

ಅದಕ್ಕೆ ಮುನ್ನ ಇನ್ನೊಬ್ಬ ವಾರಸುದಾರನ ಮಾತು. ಈಜಿಪ್ಟಿನ ಕ್ಲಿಯೋಪಾತ್ರಳಿಗೆ ಕ್ರಿ.ಪೂ. 47ರಲ್ಲಿ ಹುಟ್ಟಿದ ಮಗುವಿಗೆ ಟಾಲೆಮಿ ಸೀಸರ್ ಎಂದು ಹೆಸರಿಟ್ಟಳು. ಅಲೆಕ್ಸಾಂಡ್ರಿಯಾದ ಜನ ಸೀಸರಿಯನ್, ಅಂದರೆ ‘ಪುಟ್ಟ ಸೀಸರ್’, ಎಂದು ಕರೆದರು. ಅವನು ಸೀಸರನ ಮಗನೇ ಅಲ್ಲ ಎಂದು ಸಾಧಿಸಲು ಸೀಸರನ ಗೆಳೆಯ ಒಪ್ಪಿಯಸ್ ಒಂದು ಪುಸ್ತಕವನ್ನೇ ಬರೆದ. ಪುಸ್ತಕ ಬರೆಯಬೇಕಾಗಿ ಬಂತೆಂಬುದೇ ಅನುಮಾನ ಎಷ್ಟು ಗಟ್ಟಿಯಾಗಿತ್ತೆಂದು ತೋರಿಸುತ್ತದೆ. ಕ್ರಿ.ಪೂ. 30ರಲ್ಲಿ ಆಂಟನಿ, ಕ್ಲಿಯೋಪಾತ್ರ ಇಬ್ಬರೂ ಸತ್ತಮೇಲೆ ಈ ಹುಡುಗನನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ‘ಒಡೆಯರು ಬಹಳವಾದರೆ ಒಳ್ಳೆಯದಲ್ಲ’ ಎಂಬುದು ಹೋಮರನ ಪ್ರಸಿದ್ಧ ಸಾಲು. ತತ್ತ್ವಜ್ಞಾನಿ ಏರಿಯಸ್ ಅದನ್ನು ಒಂದೇ ಒಂದು ಪದದಷ್ಟು ತಿರುಚಿ, ‘ಸೀಸರರು ಬಹಳವಾದರೆ ಒಳ್ಳೆಯದಲ್ಲ’ ಎಂದನಂತೆ. ಪ್ಲೂಟಾರ್ಕ್ ಹೇಳುವ ಕಥೆ ಇದು. ಸುಮಾರು ಹದಿನೇಳು ವರ್ಷದ ಹುಡುಗನನ್ನು ಕೊಲ್ಲಿಸಲಾಯಿತು. ದತ್ತುಪುತ್ರನ ಹೆಸರು ನಿಂತಿತು, ಹೊಟ್ಟೆಯ ಮಗನೆನಿಸಿಕೊಂಡವನದು ಅಳಿಯಿತು.

ಗೆದ್ದವನು ಇಷ್ಟರಲ್ಲಾಗಲೇ ತನ್ನ ಹೆಸರನ್ನು ತಾನೇ ತಿದ್ದಿಕೊಂಡಿದ್ದ. ‘ಗಾಯಸ್’ ಬಿಟ್ಟು ಆ ಜಾಗದಲ್ಲಿ ‘ಇಂಪರೇಟರ್’ ಎಂಬ ಸೇನಾ ಬಿರುದನ್ನು ಇಟ್ಟ. ‘ಜೂಲಿಯಸ್’ ಎಂಬುದನ್ನು ಸದ್ದಿಲ್ಲದೆ ಕೈಬಿಟ್ಟ. ಕ್ರಿ.ಪೂ. 42ರಲ್ಲಿ ಸತ್ತ ಸೀಸರನನ್ನು ದೇವರೆಂದು ಸಾರಿದ್ದರಿಂದ ‘ದೇವಪುತ್ರ’ನಾದ. ಕ್ರಿ.ಪೂ. 27ರ ಜನವರಿಯಲ್ಲಿ ಸೆನೆಟ್ ‘ಅಗಸ್ಟಸ್’ ಎಂಬ ಹೆಸರು ಕೊಟ್ಟಿತು. ಕ್ರಿ.ಪೂ. 2ರಲ್ಲಿ ‘ರಾಷ್ಟ್ರಪಿತ’ನೆಂಬ ಗೌರವವೂ ಬಂತು. ನೀವು ನೋಡಿದ ನಾಣ್ಯದ ಮುಂಬದಿಯ ಅಕ್ಷರಗಳು ಇವೇ: ಸೀಸರ್ ಅಗಸ್ಟಸ್, ದೇವಪುತ್ರ, ರಾಷ್ಟ್ರಪಿತ. ಹುಟ್ಟಿನ ಹೆಸರಿನ ಒಂದಕ್ಷರವೂ ಇಲ್ಲ. ಮಗಳು ಹೇಳಿದಂತೆ ಅವನು ಗಾಯಸ್ ಜೂಲಿಯಸ್ ಸೀಸರ್ ಆಗಿದ್ದದ್ದು ನಿಜ. ಆದರೆ ಈ ನಾಣ್ಯ ಹೊರಬರುವ ಹೊತ್ತಿಗೆ ಆ ಹೆಸರನ್ನು ಬಿಟ್ಟು ಮೂರು ದಶಕಗಳೇ ಕಳೆದಿದ್ದವು.

ಈಗ ನಮ್ಮ ನಾಣ್ಯದ ಹುಡುಗರು. ಅಗಸ್ಟಸನಿಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು ಜೂಲಿಯಾ. ಅವಳನ್ನು ತನ್ನ ಗೆಳೆಯ, ಸೇನಾಪತಿ ಅಗ್ರಿಪ್ಪನಿಗೆ ಮದುವೆ ಮಾಡಿಕೊಟ್ಟಿದ್ದ. ಕ್ರಿ.ಪೂ. 20ರಲ್ಲಿ ಅವರಿಗೆ ಮಗ ಹುಟ್ಟಿದ, ಕ್ರಿ.ಪೂ. 17ರಲ್ಲಿ ಇನ್ನೊಬ್ಬ. ಆ ಎರಡನೆಯ ಕೂಸು ಹುಟ್ಟಿದ ವರ್ಷವೇ ಅಗಸ್ಟಸ್ ಇಬ್ಬರನ್ನೂ ದತ್ತು ತೆಗೆದುಕೊಂಡ. ಅದಕ್ಕೆ ಅನುಸರಿಸಿದ್ದು ಹಳೆಯ ರೋಮನ್ ಪದ್ಧತಿ: ತಕ್ಕಡಿ ಹಿಡಿದು, ಒಂದು ಕಂಚಿನ ಕಾಸನ್ನು ಮುಟ್ಟಿಸಿ, ಅಗ್ರಿಪ್ಪನಿಂದ ಮಕ್ಕಳನ್ನು ಮನೆಯೊಳಗೇ ಕೊಂಡುಕೊಂಡ. ರೋಮನ್ ಜೀವನಚರಿತ್ರೆಕಾರ ಸುಟೋನಿಯಸ್ ಬರೆದಿರುವ ವಿವರ ಇದು. ಹೀಗೆ ಒಂದು ಕಾಸಿಗೆ ಅಗ್ರಿಪ್ಪನ ಮಕ್ಕಳು ಗಾಯಸ್ ಸೀಸರ್, ಲೂಸಿಯಸ್ ಸೀಸರ್ ಆದರು. ಕ್ರಯದ ಮಾತು ಹೇಳಿದ್ದೆನಲ್ಲ, ಅದು ಇದೇ. ನಾಣ್ಯದ ಎರಡೂ ಬದಿ ಸೇರಿಸಿದರೆ ಮೂವರು ಸೀಸರರಿದ್ದಾರೆ. ಮೂವರಲ್ಲಿ ಒಬ್ಬನೂ ಸೀಸರನಾಗಿ ಹುಟ್ಟಿದವನಲ್ಲ.

ತಾತ ಅವರಿಗೆ ಓದು ಬರಹ ತಾನೇ ಕಲಿಸಿದ. ತನ್ನ ಕೈಬರಹವನ್ನೇ ಅನುಕರಿಸುವಂತೆ ತಿದ್ದಿಸಿದ. ಹೆಸರಷ್ಟೇ ಸಾಲದು, ಅಕ್ಷರವೂ ತನ್ನದೇ ಆಗಿರಲೆಂಬ ಆಸೆ. ಅವನು ಗಾಯಸನಿಗೆ ಬರೆದ ಒಂದು ಪತ್ರದ ತುಣುಕು ಔಲಸ್ ಗೆಲಿಯಸ್ ಎಂಬ ಲೇಖಕನಿಂದಾಗಿ ಉಳಿದಿದೆ. ತನ್ನ 64ನೆಯ ಹುಟ್ಟುಹಬ್ಬದ ದಿನ, ದೂರದ ಪೂರ್ವ ಗಡಿಗೆ ಹೋಗಿದ್ದ ಹುಡುಗನಿಗೆ ಬರೆದದ್ದು. ಲೋಕದ ಒಡೆಯ ಮೊಮ್ಮಗನನ್ನು ಕರೆಯುವುದು ಹೇಗೆ ಗೊತ್ತೇ? ‘ನನ್ನ ಮುದ್ದಿನ ಕತ್ತೆಮರಿ’ ಎಂದು. ನೀನು ದೂರವಿದ್ದಾಗಲೆಲ್ಲ ನಿನಗಾಗಿ ಹಂಬಲಿಸುತ್ತೇನೆ ಎಂದೂ ಬರೆಯುತ್ತಾನೆ. ನಾಣ್ಯದ ಮೇಲೆ ಬಿಗಿದುಕೊಂಡು ನಿಂತಿರುವ ಆ ಪುಟ್ಟ ಆಕೃತಿಯನ್ನು ನೋಡುವಾಗ ನನಗೆ ಗುರಾಣಿ, ಈಟಿಗಿಂತ ಮೊದಲು ಈ ಕತ್ತೆಮರಿಯೇ ನೆನಪಾಗುತ್ತದೆ.

ನಾಣ್ಯದ ಹಿಂಬದಿಯ ಬರಹ ಅವರನ್ನು ‘ಅಗಸ್ಟಸನ ಮಕ್ಕಳು, ನಿಯೋಜಿತ ಕಾನ್ಸಲ್‌ಗಳು, ತರುಣರ ಮುಂದಾಳುಗಳು’ ಎಂದು ಸಾರುತ್ತದೆ. ಕಾನ್ಸಲ್ ಎಂದರೆ ರೋಮಿನ ಅತ್ಯುನ್ನತ ಅಧಿಕಾರಿ. ಸಿಂಹಾಸನ ಎಂಬ ಮಾತು ಎಲ್ಲೂ ಇಲ್ಲ. ರೋಮ್ ಹೆಸರಿಗೆ ಇನ್ನೂ ಗಣರಾಜ್ಯವೇ. ಆದರೆ ನಾಣ್ಯ ಎಣಿಸಿದ ಪ್ರತಿಯೊಬ್ಬನಿಗೂ ಮುಂದೆ ಆಳುವವರು ಯಾರೆಂದು ತಿಳಿಯುತ್ತಿತ್ತು. ತಿಳಿದದ್ದು ಸುಳ್ಳಾಯಿತು. ಲೂಸಿಯಸ್ ಕ್ರಿ.ಶ. 2ರಲ್ಲಿ ಮಸಿಲಿಯಾದಲ್ಲಿ, ಅಂದರೆ ಇಂದಿನ ಮಾರ್ಸೇ ನಗರದಲ್ಲಿ ತೀರಿಕೊಂಡ. ಕ್ರಿ.ಶ. 1ರಲ್ಲಿ ಕಾನ್ಸಲ್ ಆಗಿದ್ದ ಗಾಯಸ್ ಅರ್ಮೇನಿಯಾದ ಅರ್ತಗಿರಾ ಕೋಟೆಯ ಮುಂದೆ ಮೋಸದ ಹೊಡೆತಕ್ಕೆ ಗಾಯಗೊಂಡ. ಗಾಯ ವಾಸಿಯಾಗಲಿಲ್ಲ. ಊರಿಗೆ ಮರಳುವ ದಾರಿಯಲ್ಲಿ, ಕ್ರಿ.ಶ. 4ರ ಫೆಬ್ರವರಿ 21ರಂದು, ಇಂದಿನ ಟರ್ಕಿಯ ದಕ್ಷಿಣ ಕರಾವಳಿಯ ಲಿಮಿರಾದಲ್ಲಿ ಸತ್ತ. ವಯಸ್ಸು 23. ಅಲ್ಲಿ ಕಟ್ಟಿದ ಸ್ಮಾರಕದ ಅವಶೇಷ ಇಂದಿಗೂ ಇದೆ. ಫ್ರಾನ್ಸಿನ ನೀಮ್ ನಗರದಲ್ಲಿ ಈ ಅಣ್ಣತಮ್ಮಂದಿರಿಗೆ ಅರ್ಪಿಸಿದ ದೇವಾಲಯ ಇನ್ನೂ ಹೆಚ್ಚುಕಡಿಮೆ ಪೂರ್ತಿಯಾಗಿ ನಿಂತಿದೆ.

ಅಗಸ್ಟಸ್ ತನ್ನ ಉಯಿಲನ್ನು ಆರಂಭಿಸಿದ್ದೇ ಈ ನೋವಿನಿಂದ. ಕ್ರೂರ ವಿಧಿ ಗಾಯಸ್, ಲೂಸಿಯಸ್ ಎಂಬ ನನ್ನ ಮಕ್ಕಳನ್ನು ಕಿತ್ತುಕೊಂಡಿದ್ದರಿಂದ ಟೈಬೀರಿಯಸ್ ನನ್ನ ವಾರಸುದಾರನಾಗಲಿ ಎಂದು ಬರೆಸಿದ್ದ. ಟೈಬೀರಿಯಸನಿಗೆ ಅದನ್ನು ಕೇಳಿ ಹೇಗನ್ನಿಸಿರಬಹುದೆಂದು ನೀವೇ ಊಹಿಸಿ.

ಇನ್ನುಳಿದವನು ಕಲಿಗುಲ. ನಿಮ್ಮ ಮಗಳ ಮಾತು ಸರಿ: ಕ್ರಿ.ಶ. 12ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಗಾಯಸ್ ಜೂಲಿಯಸ್ ಸೀಸರ್. ಕಲಿಗುಲ ಎಂದರೆ ಪುಟ್ಟ ಪಾದರಕ್ಷೆ. ಅಪ್ಪ ಜರ್ಮಾನಿಕಸನ ಸೇನಾ ಶಿಬಿರದಲ್ಲಿ ಮಗುವಿಗೆ ಸಿಪಾಯಿಯ ವೇಷ ತೊಡಿಸಿದ್ದರು, ಸಿಪಾಯಿಗಳು ಪ್ರೀತಿಯಿಂದ ಆ ಹೆಸರು ಕೊಟ್ಟರು. ಚಕ್ರವರ್ತಿಯಾದ ಮೇಲೆ ಅವನಿಗೆ ಅದು ಬೈಗುಳದಂತೆ ಕೇಳಿಸುತ್ತಿತ್ತು ಎಂದು ಸೆನೆಕಾ ಬರೆಯುತ್ತಾನೆ. ರೋಮಿನ ಲೇಖಕರು ಅವನನ್ನು ಸುಮ್ಮನೆ ‘ಗಾಯಸ್’ ಎನ್ನುತ್ತಾರೆ. ಹಳೆಯ ಗ್ರಂಥಗಳಲ್ಲಿ ಬರಿಯ ‘ಗಾಯಸ್ ಸೀಸರ್’ ಕಂಡರೆ ಸರ್ವಾಧಿಕಾರಿಯೋ, ಮೊಮ್ಮಗನೋ, ಇವನೋ ಎಂದು ಹಿಂದುಮುಂದಿನ ಸಂದರ್ಭದಿಂದಲೇ ತಿಳಿಯಬೇಕು.

ಕಲಿಗುಲನಿಗಿಂತ ಸುಮಾರು ಒಂದು ವರ್ಷ ಮೊದಲು ಅದೇ ತಂದೆತಾಯಿಗೆ ಇನ್ನೊಂದು ಗಂಡುಮಗು ಹುಟ್ಟಿತ್ತು. ಅದರ ಹೆಸರೂ ಗಾಯಸ್ ಸೀಸರ್! ಬಹಳ ಮುದ್ದಾಗಿದ್ದ ಆ ಮಗು ಎಳವೆಯಲ್ಲೇ ಹೋಯಿತು. ಅದನ್ನು ಮನ್ಮಥನ ರೂಪದಲ್ಲಿ ಕೆತ್ತಿಸಿದ ವಿಗ್ರಹವನ್ನು ಮುದುಕ ಅಗಸ್ಟಸ್ ಮಲಗುವ ಕೋಣೆಯಲ್ಲಿ ಇಟ್ಟುಕೊಂಡು, ಒಳಗೆ ಹೋದಾಗಲೆಲ್ಲ ಮುತ್ತಿಡುತ್ತಿದ್ದನಂತೆ. ಸತ್ತ ಮೊಮ್ಮಗನ ಹೆಸರನ್ನು ಈ ಮಕ್ಕಳಿಗೆ ಮತ್ತೆ ಮತ್ತೆ ಇಟ್ಟದ್ದು ಯಾಕೆಂದು ಇಲ್ಲಿ ಸ್ವಲ್ಪ ಅರ್ಥವಾಗುತ್ತದೆ.

ಕ್ರಿ.ಶ. 41ರ ಜನವರಿ 24ರಂದು ಕಲಿಗುಲನನ್ನು ಅವನ ಕಾವಲು ಪಡೆಯ ಅಧಿಕಾರಿಗಳೇ ಇರಿದು ಕೊಂದರು. ಅವನ ಚರಿತ್ರೆಯನ್ನು ಮುಗಿಸುವಾಗ ಸುಟೋನಿಯಸ್ ಒಂದು ವಿಚಿತ್ರ ಮಾತು ಹೇಳುತ್ತಾನೆ: ಗಾಯಸ್ ಎಂಬ ಹೆಸರಿನ ಸೀಸರರೆಲ್ಲರೂ ಕತ್ತಿಗೇ ಬಲಿಯಾದರು, ಸಿನ್ನನ ಕಾಲದಲ್ಲಿ ಕೊಲೆಯಾದವನಿಂದ ಹಿಡಿದು. ಸಿನ್ನನ ಕಾಲದವನೆಂದರೆ ನಮ್ಮ ಮೆಳ್ಳೆಗಣ್ಣಿನ ಹಾಸ್ಯಗಾರ. ಕೇಳಲು ಮೈ ಜುಮ್ಮೆನ್ನುವ ಮಾತು. ಇಂದಿಗೂ ಅಲ್ಲಲ್ಲಿ ಇದನ್ನು ನಂಬಿ ಉದ್ಧರಿಸುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಹಾಸ್ಯಗಾರ, ಸರ್ವಾಧಿಕಾರಿ, ಕಲಿಗುಲ: ಮೂವರದು ಸರಿ. ನಾಣ್ಯದ ಗಾಯಸ್ ಗಾಯದಿಂದ ತಿಂಗಳುಗಟ್ಟಲೆ ನರಳಿ ಸತ್ತ. ಅದನ್ನು ಅರ್ಧ ಎನ್ನಿ. ಸರ್ವಾಧಿಕಾರಿಯ ತಂದೆಯೋ, ಪಾದರಕ್ಷೆ ಕಟ್ಟಿಕೊಳ್ಳುತ್ತಾ ಹೋದವನು. ಒಂದು ಕಾಲಕ್ಕೆ ಗಾಯಸನೇ ಆಗಿದ್ದ ಅಗಸ್ಟಸ್ ಕ್ರಿ.ಶ. 14ರ ಆಗಸ್ಟ್ 19ರಂದು ನೋಲಾ ಊರಿನಲ್ಲಿ ಹಾಸಿಗೆಯ ಮೇಲೆ ಕಣ್ಣು ಮುಚ್ಚಿದ. ಆ ಮುದ್ದು ಕೂಸಂತೂ ಯಾವ ಕತ್ತಿಯನ್ನೂ ಕಂಡಿರಲಿಲ್ಲ. ಅದರ ಕಥೆಯನ್ನು ನಮಗೆ ಹೇಳಿದವನು ಯಾರು? ಇದೇ ಸುಟೋನಿಯಸ್, ಇದೇ ಜೀವನಚರಿತ್ರೆಯ ಆರಂಭದಲ್ಲಿ. ಬರೆಯುತ್ತಾ ಕೊನೆಗೆ ಬರುವಷ್ಟರಲ್ಲಿ ತಾನೇ ಮರೆತ.

ಮೇಲೆ ಹೇಳಿದವರೆಲ್ಲರೂ ಆ ಮನೆಯವರು, ಅಥವಾ ಮನೆಗೆ ಸೇರಿಸಿಕೊಂಡವರು. ಹೆಸರಿನ ಮೊದಲೆರಡು ಭಾಗ ಇನ್ನೊಂದು ಬಾಗಿಲಿನಿಂದ ಸಾವಿರಾರು ಜನರಿಗೆ ಹೋಯಿತು. ಗುಲಾಮನನ್ನು ಬಿಡುಗಡೆ ಮಾಡಿದರೆ ಅವನು ಯಜಮಾನನ ಸ್ವಂತ ಹೆಸರನ್ನೂ ಕುಲದ ಹೆಸರನ್ನೂ ಧರಿಸಿ, ತನ್ನ ಹಳೆಯ ಹೆಸರನ್ನು ಮೂರನೆಯದಾಗಿ ಇಟ್ಟುಕೊಳ್ಳುತ್ತಿದ್ದ. ಹೊಸದಾಗಿ ಪೌರತ್ವ ಪಡೆದ ಪರಪ್ರಾಂತದವನದೂ ಇದೇ ದಾರಿ. ಅಗಸ್ಟಸನ ಗ್ರಂಥಾಲಯ ನೋಡಿಕೊಂಡ ವಿದ್ವಾಂಸ ಗಾಯಸ್ ಜೂಲಿಯಸ್ ಹೈಜಿನಸ್ ಅವನು ಬಿಡುಗಡೆ ಮಾಡಿದ ಗುಲಾಮ. ಬ್ರಿಟನ್ನಿನಲ್ಲಿ ಬೂಡಿಕಾ ರಾಣಿಯ ದಂಗೆಯ ನಂತರ ಹಣಕಾಸಿನ ಅಧಿಕಾರಿಯಾಗಿ ಹೋದವನು ಗಾಯಸ್ ಜೂಲಿಯಸ್ ಆಲ್ಪಿನಸ್ ಕ್ಲಾಸಿಸಿಯಾನಸ್. ಅವನ ಸಮಾಧಿಯ ಕಲ್ಲುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎಲ್ಲಕ್ಕಿಂತ ಸ್ವಾರಸ್ಯದವನು ಗಾಯಸ್ ಜೂಲಿಯಸ್ ವಿಂಡೆಕ್ಸ್. ಗಾಲ್ ದೇಶದ ಅಕ್ವಿಟೇನಿಯಾದ ರಾಜವಂಶದವನು. ಆ ನಾಡನ್ನು ಗೆದ್ದದ್ದು ಜೂಲಿಯಸ್ ಸೀಸರ್. ಸೋತವರ ವಂಶಕ್ಕೆ ಗೆದ್ದವರ ಮನೆಯ ಹೆಸರು ಬಂದಿತ್ತು. ಕ್ರಿ.ಶ. 68ರಲ್ಲಿ ಇವನು ನೀರೋ ವಿರುದ್ಧ ಬಂಡೆದ್ದ. ಯುದ್ಧದಲ್ಲಿ ಸೋತು ಸತ್ತ, ನಿಜ. ಆದರೆ ಅವನು ಹಚ್ಚಿದ ಕಿಚ್ಚು ಹಬ್ಬಿ, ಕೆಲವೇ ವಾರಗಳಲ್ಲಿ ನೀರೋ ಆತ್ಮಹತ್ಯೆ ಮಾಡಿಕೊಂಡ. ಸೀಸರ್ ಮನೆತನದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅದನ್ನು ಕೆಡವಲು ಮೊದಲ ಕಲ್ಲು ಎಸೆದವನ ಹೆಸರೂ ಗಾಯಸ್ ಜೂಲಿಯಸ್!

ಮನೆ ಮುಗಿದರೂ ಅಡ್ಡಹೆಸರು ಉಳಿಯಿತು. ನೀರೋಗೂ ಮೊದಲೇ, ಹುಟ್ಟಿನಿಂದಲೂ ದತ್ತಿನಿಂದಲೂ ಸೀಸರನಲ್ಲದ ಕ್ಲಾಡಿಯಸ್ ಕ್ರಿ.ಶ. 41ರಲ್ಲಿ ಚಕ್ರವರ್ತಿಯಾದಾಗ ಅದನ್ನು ಸುಮ್ಮನೆ ಎತ್ತಿಕೊಂಡಿದ್ದ. ಮುಂದೆ ಪಟ್ಟವೇರಿದವರು ಅದನ್ನು ಬಿರುದಾಗಿಯೇ ಧರಿಸಿದರು. ಜರ್ಮನ್ನರ ಕೈಸರ್, ರಷ್ಯನ್ನರ ಜಾರ್ ಎರಡೂ ಅದರ ಮರಿಗಳು. ಪೇಶಾವರದ ಕಡೆಯ ಅಟಕ್ ಬಳಿಯ ಆರಾ ಎಂಬಲ್ಲಿ ಸಿಕ್ಕ ಕುಶಾನರ ಶಾಸನದಲ್ಲಿ ಕನಿಷ್ಕನೆಂಬ ರಾಜನ ಬಿರುದುಗಳ ಸಾಲಿನಲ್ಲಿ ‘ಕೈಸರ’ ಎಂಬ ಪದವನ್ನು ವಿದ್ವಾಂಸರು ಓದಿದ್ದಾರೆ. ಬ್ರಿಟಿಷರು ವಿಕ್ಟೋರಿಯಾ ರಾಣಿಗೆ ಕೊಟ್ಟದ್ದು ‘ಕೈಸರ್-ಇ-ಹಿಂದ್’. ಅದೇ ಹೆಸರಿನ ಪದಕವನ್ನು ಗಾಂಧೀಜಿ 1915ರಲ್ಲಿ ಪಡೆದು 1920ರಲ್ಲಿ ಹಿಂತಿರುಗಿಸಿದರು.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಆ ಕಾಲದ ಲ್ಯಾಟಿನ್ ನುಡಿಯಲ್ಲಿ ಈ ಹೆಸರು ಹೆಚ್ಚುಕಡಿಮೆ ‘ಗಾಯುಸ್ ಯೂಲಿಯುಸ್ ಕೈಸರ್’ ಎಂದು ಕೇಳಿಸುತ್ತಿತ್ತು. ‘ಕೈಸರನದನ್ನು ಕೈಸರನಿಗೆ ಕೊಡಿರಿ’ ಎನ್ನುವ ಕನ್ನಡ ಬೈಬಲ್, ‘ಸೀಸರ್’ ಎನ್ನುವ ನಮ್ಮ ಪಠ್ಯಪುಸ್ತಕಗಳಿಗಿಂತ ಮೂಲಕ್ಕೆ ಹತ್ತಿರವಿದೆ. ನಾಣ್ಯದ ಮೇಲೆ ಗಾಯಸನನ್ನು ಹುಡುಕುವಾಗ ಮಗಳಿಗೆ ಇನ್ನೊಂದು ಗುಟ್ಟು ಹೇಳಿ: ಅಲ್ಲಿ ಇರುವುದು ರೋಮನ್ ‘ಸಿ’ ಅಕ್ಷರ ಒಂದೇ. ಬಹಳ ಹಿಂದೆ ಲ್ಯಾಟಿನ್ನಿನಲ್ಲಿ ‘ಗ’ ಧ್ವನಿಗೆ ಬೇರೆ ಅಕ್ಷರವಿರಲಿಲ್ಲ, ‘ಸಿ’ ಎಂಬುದೇ ‘ಕ’, ‘ಗ’ ಎರಡನ್ನೂ ಸೂಚಿಸುತ್ತಿತ್ತು. ಆಮೇಲೆ ‘ಜಿ’ ಅಕ್ಷರ ಹುಟ್ಟಿದರೂ ಗಾಯಸ್‌ನ ಸಂಕ್ಷೇಪ ಮಾತ್ರ ಹಳೆಯ ರೂಢಿಯಲ್ಲೇ ನಿಂತುಬಿಟ್ಟಿತು. ಅದರ ಪಕ್ಕದ ‘ಎಲ್’ ಲೂಸಿಯಸ್.

ಕೊನೆಯದಾಗಿ ಸಿಸೇರಿಯನ್. ಜೂಲಿಯಸ್ ಸೀಸರ್ ತಾಯಿಯ ಹೊಟ್ಟೆ ಕೊಯ್ದು ಹುಟ್ಟಿದನೆಂಬುದು ಕಟ್ಟುಕಥೆ. ಆ ಕಾಲದಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುತ್ತಿದ್ದದ್ದು ತಾಯಿ ಸತ್ತಾಗ ಮಾತ್ರ. ಅವನ ತಾಯಿ ಆರೇಲಿಯಾ ಮಗ ಗಾಲ್ ದೇಶವನ್ನು ಗೆಲ್ಲುವುದನ್ನೂ ಕೇಳಿ, ಕ್ರಿ.ಪೂ. 54ರವರೆಗೆ ಬದುಕಿದ್ದಳು. ಪ್ಲಿನಿ ಹೇಳಿದ್ದು ಬೇರೆ: ಆ ಮನೆತನದ ಮೊದಲ ಸೀಸರ್ ಹಾಗೆ ಹುಟ್ಟಿದ್ದರಿಂದ ‘ಕೊಯ್ಯು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹೆಸರು ಬಂತು ಎಂದು. ದಟ್ಟ ಕೂದಲಿನಿಂದ ಬಂತು, ಬೂದುನೀಲಿ ಕಣ್ಣಿನಿಂದ ಬಂತು, ಆಫ್ರಿಕಾದವರ ಭಾಷೆಯಲ್ಲಿ ಆನೆಯನ್ನು ಹಾಗೆನ್ನುತ್ತಾರೆ, ಪೂರ್ವಜನೊಬ್ಬ ಯುದ್ಧದಲ್ಲಿ ಆನೆಯನ್ನು ಕೊಂದಿದ್ದ ಎಂದೆಲ್ಲ ಇನ್ನೂ ಮೂರು ಕಥೆಗಳನ್ನು ರೋಮನ್ನರೇ ಹೇಳುತ್ತಿದ್ದರು. ಕ್ರಿ.ಪೂ. 49ರಲ್ಲಿ ಅಂತರ್ಯುದ್ಧ ಶುರುವಾದಾಗ ಸೀಸರ್ ತನ್ನ ಹೆಸರಿನಲ್ಲಿ ಹೊರಡಿಸಿದ ಡಿನೇರಿಯಸ್ ಮೇಲೆ ‘ಸೀಸರ್’ ಎಂಬ ಒಂದೇ ಪದವಿದೆ, ಅದರ ಮೇಲೆ ಹಾವಿನಂತಹ ಏನನ್ನೋ ತುಳಿಯುತ್ತಿರುವ ಆನೆಯ ಚಿತ್ರವಿದೆ.